ಮುಳುಗುವ ಆಟ

ನಮ್ಮ ಊರಿಗೂ ಸಮುದ್ರಕ್ಕೂ ಯಾವ ಸಂಬಂಧವೂ ಇಲ್ಲ. ಉಗಾರ ಬುದ್ರುಕದಿಂದ ಯಾವ ದಿಕ್ಕಿಗೆ ಹೊರಟರೂ ಮೊದಲು ಸಿಗುವುದು ಕಬ್ಬು, ಆಮೇಲೆ ಸಿಗುವುದೂ ಕಬ್ಬೇ. ಹೊಳೆಯೊಂದುಂಟು, ಕೃಷ್ಣೆ. ಅವಳು ಸಮುದ್ರ ಸೇರುತ್ತಾಳೆಂದು ಶಾಲೆಯಲ್ಲಿ ಹೇಳಿಕೊಟ್ಟದ್ದನ್ನು ನಂಬಿದ್ದೇವೆ, ಅಷ್ಟೇ. ಹೀಗಿದ್ದೂ ನಾನು ಅಟ್ಲಾಂಟಿಕ್ ಸಾಗರದ ಕೆಳಗೆ ಎಷ್ಟೋ ರಾತ್ರಿಗಳನ್ನು ಕಳೆದಿದ್ದೇನೆ. ನಡುಮನೆಯ ಮೂಲೆಯಲ್ಲಿ, ಜೋಳದ ಚೀಲಗಳ ಪಕ್ಕದ ಮೇಜಿನ ಮುಂದೆ ಲುಂಗಿ ಉಟ್ಟುಕೊಂಡು ಕುಳಿತು. ಪ್ರೌಢಶಾಲೆಯ ಗಣಿತದ ಮಾಸ್ತರನಿಗೆ ಇದು ಶೋಭೆಯಲ್ಲವೆಂದು ಮನೆಯವಳು ಬಹಳ ಸಲ ಹೇಳಿದ್ದಾಳೆ.

ಈ ಚಟ ಹಚ್ಚಿದವನು ನನ್ನ ಅಕ್ಕನ ಮಗ. 2006ರಲ್ಲಿ ಸಾಂಗಲಿಯಿಂದ ಕಂಪ್ಯೂಟರು ತಂದಾಗ ಅವನು ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ದೀಪಾವಳಿಯ ಸೂಟಿಗೆ ಬಂದವನು ಒಂದು ತಟ್ಟೆ ಹಾಕಿ ಕೂತ. 'ಸೈಲೆಂಟ್ ಹಂಟರ್' ಎಂಬ ಆಟದ ಮೂರನೆಯ ಆವೃತ್ತಿ, ಅದರ ಹಿಂದಿನ ವರ್ಷವಷ್ಟೇ ಹೊರಬಂದಿತ್ತು. ಎರಡನೆಯ ಮಹಾಯುದ್ಧದ ಜರ್ಮನ್ ಜಲಾಂತರ್ಗಾಮಿಯ ಕ್ಯಾಪ್ಟನ್ ನೀವು. ಬಂದರಿನಿಂದ ಹೊರಟು, ಶತ್ರುವಿನ ಸರಕು ಹಡಗು ಹುಡುಕಿ, ಮುಳುಗಿಸಿ, ಜೀವಂತವಾಗಿ ತಿರುಗಿ ಬರಬೇಕು. ನಾನು ಹಿಂದೆ ನಿಂತು ಅರ್ಧ ತಾಸು ನೋಡಿದೆ. ಪರದೆಯ ಮೇಲೆ ಬೂದು ಬಣ್ಣದ ನೀರು, ಬೂದು ಬಣ್ಣದ ಆಕಾಶ. ಏನೂ ಆಗಲಿಲ್ಲ.

"ಇದರಾಗ ಆಟಾ ಎಲ್ಲೈತೋ ತಮ್ಮಾ?" ಎಂದೆ.

"ತಡೀರಿ ಮಾಮಾ, ಕಾಯೂದ ಆಟಾ" ಎಂದ.

ಸೂಟಿ ಮುಗಿದು ಅವನು ಹೋದ. ತಟ್ಟೆ ಉಳಿಯಿತು.

ಇಂಥ ಆಟಗಳು ಹೊಸವಲ್ಲ. 1985ರಲ್ಲಿಯೇ ಅಮೆರಿಕದ ಸಿಡ್ ಮೈಯರ್ ಎಂಬವನು 'ಸೈಲೆಂಟ್ ಸರ್ವಿಸ್' ಎಂಬ ಆಟ ಮಾಡಿದ್ದ. ಅದರಲ್ಲಿ ಅಮೆರಿಕದ ಜಲಾಂತರ್ಗಾಮಿ, ಪೆಸಿಫಿಕ್ ಸಾಗರ. 'ಸೈಲೆಂಟ್ ಹಂಟರ್' ಹೆಸರಿನ ಮೊದಲ ಆಟ ಬಂದದ್ದು 1996ರಲ್ಲಿ. ಬೇರೆ ಆಟಗಳಲ್ಲಿ ಕ್ಷಣಕ್ಕೊಂದು ಗುಂಡು ಹಾರುವಾಗ, ಇದರಲ್ಲಿ ಮೂರು ತಾಸು ಕೂತರೂ ಒಂದು ಹೊಗೆ ಕಾಣದೆ ಹೋಗಬಹುದು. ಆದರೂ ಜನ ಇವನ್ನು ಕೊಂಡು ಆಡುತ್ತ ಬಂದಿದ್ದಾರೆ. ಯಾಕೆ ಎಂಬುದು ನನ್ನನ್ನು ಕಾಡಿದ ಪ್ರಶ್ನೆ. ನನ್ನನ್ನು ನಾನೇ ಸಾಕ್ಷಿಯಾಗಿ ಕರೆದು ಕೇಳಬೇಕಾಯಿತು.

ಮೊದಲ ಉತ್ತರ ಸುಲಭದ್ದು. ಅದರಲ್ಲಿ ಲೆಕ್ಕವಿದೆ. ಪೆರಿಸ್ಕೋಪಿನಲ್ಲಿ ಹಡಗು ಕಂಡಿತು ಅನ್ನಿ. ಅದು ಎಷ್ಟು ದೂರ, ಯಾವ ಕಡೆ, ಎಷ್ಟು ವೇಗ ಎಂದು ಯಾರೂ ಹೇಳುವುದಿಲ್ಲ (ಹೇಳುವ ಹಾಗೆ ಆಟವನ್ನು ಹೊಂದಿಸಿಕೊಳ್ಳಬಹುದು, ಆದರೆ ಅದು ಗೈಡು ನೋಡಿ ಪರೀಕ್ಷೆ ಬರೆದ ಹಾಗೆ). ಹಡಗಿನ ಆಕಾರವನ್ನು ಪುಸ್ತಕದಲ್ಲಿ ಹೋಲಿಸಿ ನೋಡಿ, ಕಂಬದ ಎತ್ತರದಿಂದ ದೂರ ತೆಗೆಯಬೇಕು. 150 ಮೀಟರ್ ಉದ್ದದ ಹಡಗು ಕಣ್ಣಿನ ನಡುಗೆರೆಯನ್ನು ದಾಟಲು 30 ಸೆಕೆಂಡು ತೆಗೆದುಕೊಂಡರೆ ಸೆಕೆಂಡಿಗೆ 5 ಮೀಟರ್. ನಾವಿಕರ ಭಾಷೆಯಲ್ಲಿ ಸುಮಾರು 10 ನಾಟ್. ನಮ್ಮ ಟಾರ್ಪೆಡೊ ಸೆಕೆಂಡಿಗೆ 15 ಮೀಟರ್ ಹೋಗುತ್ತದೆ. ಹಡಗು ಒಂದೂವರೆ ಕಿಲೋಮೀಟರ್ ದೂರವಿದ್ದರೆ ಮುಟ್ಟಲು 100 ಸೆಕೆಂಡು ಬೇಕು. ಅಷ್ಟರಲ್ಲಿ ಹಡಗು ಅರ್ಧ ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಎಂದರೆ ಹಡಗಿಗೆ ಗುರಿಯಿಡಬಾರದು. ಅದು ಇನ್ನೂ ಮುಟ್ಟದ ಜಾಗಕ್ಕೆ ಇಡಬೇಕು.

ಇದು ನಮಗೆ ಹೊಸ ವಿದ್ಯೆಯೇನಲ್ಲ. ಸಕ್ಕರೆ ಕಾರ್ಖಾನೆಗೆ ಕಬ್ಬಿನ ಗಾಡಿಗಳು ಸಾಲಾಗಿ ಹೋಗುವಾಗ ಹಿಂದಿನಿಂದ ಗಳ ಎಳೆಯದ ಹುಡುಗ ಈ ಸೀಮೆಯಲ್ಲಿ ಹುಟ್ಟಿಲ್ಲ. ಗಾಡಿ ಎಲ್ಲಿದೆಯೋ ಅಲ್ಲಿಗೆ ಓಡಿದವನಿಗೆ ಧೂಳು ಸಿಗುತ್ತದೆ, ಗಾಡಿ ಎಲ್ಲಿಗೆ ಬರುತ್ತದೆಯೋ ಅಲ್ಲಿಗೆ ಓಡಿದವನಿಗೆ ಕಬ್ಬು. ತ್ರಿಕೋನಮಿತಿಯನ್ನು ನಾನು ಕಲಿತದ್ದು ಹಾಗೆ. ಕಾಲೇಜಿನಲ್ಲಿ ಅದಕ್ಕೆ ಹೆಸರು ಕೊಟ್ಟರು.

ಆದರೆ ಲೆಕ್ಕ ಒಂದೇ ಆಗಿದ್ದರೆ ನಮ್ಮ ಅಪ್ಪ ಬಂದು ಹಿಂದೆ ಕೂರುತ್ತಿರಲಿಲ್ಲ. ಅಪ್ಪ ಓದಿದ್ದು ಎರಡನೆಯ ಇಯತ್ತೆ. ಕಬ್ಬಿಗೆ ನೀರು ಹಾಯಿಸುವುದರಲ್ಲಿ ಆಯುಷ್ಯ ಕಳೆದವನು. ತ್ರೀ ಫೇಜ್ ಕರೆಂಟು ರಾತ್ರಿ ಎರಡಕ್ಕೆ ಬರುತ್ತದೆಂದರೆ ಒಂದೂವರೆಗೇ ಹೊಲದಲ್ಲಿ ಕೂತಿರುತ್ತಿದ್ದ. ಬ್ಯಾಟರಿ ಹಚ್ಚುತ್ತಿರಲಿಲ್ಲ, ಸೆಲ್ಲು ಖರ್ಚಾಗುತ್ತದೆಂದು. ಕತ್ತಲಲ್ಲಿ ಕಿವಿಯೊಂದೇ. ಮೋಟರು ಶುರುವಾದರೆ ದಂಡೆಯ ಮೇಲೆ ನಿಂತೇ "ಗಾಳಿ ಎಳ್ಯಾಕತ್ತೈತಿ" ಎಂದೋ, "ಈಗ ನೀರ ಹಿಡೀತು" ಎಂದೋ ಹೇಳುತ್ತಿದ್ದ. ಸಂಶಯ ಬಂದರೆ ಪೈಪಿನ ಮೇಲೆ ಅಂಗೈ ಇಡುತ್ತಿದ್ದ. ಕಬ್ಬಿನ ಸಾಲಿನಲ್ಲಿ ನೀರು ಎಲ್ಲಿಯವರೆಗೆ ಹೋಗಿದೆಯೆಂಬುದನ್ನು ಕಪ್ಪೆಗಳು ವಟಗುಟ್ಟುವುದನ್ನು ಕೇಳಿ ಹೇಳುತ್ತಿದ್ದ.

ಜಲಾಂತರ್ಗಾಮಿಯಲ್ಲಿ ಇಂಥ ಒಬ್ಬ ಮನುಷ್ಯ ಇರುತ್ತಾನೆ. ಕಿವಿಗೆ ಯಂತ್ರ ಹಚ್ಚಿಕೊಂಡು ಕೂತು, ನೀರಿನಲ್ಲಿ ದೂರದ ಹಡಗುಗಳ ಪಂಖಾ ಸದ್ದು ಕೇಳುವವನು. ಮುಳುಗಿದ ಮೇಲೆ ಕ್ಯಾಪ್ಟನ್ನೂ ಕುರುಡ. ಅವನ ಮಾತೇ ಆಧಾರ. ನಾನು ಆ ಸದ್ದನ್ನು ಸ್ಪೀಕರಿಗೆ ಹಾಕಿದ ರಾತ್ರಿ ಅಪ್ಪ ಹಾಸಿಗೆಯಿಂದ ಎದ್ದು ಬಂದ. "ಏನೋ ಅದು, ಮೋಟರ ಸಪ್ಪಳ?" ಎಂದ. ವಿವರಿಸಿದೆ. ಅಂದಿನಿಂದ ಅವನೇ ನನ್ನ ಕಿವಿಯಾದ. ದೊಡ್ಡ ಸರಕು ಹಡಗಿನದು ನಿಧಾನದ ದಪ್ಪ ಸದ್ದು, ಡೆಸ್ಟ್ರಾಯರಿನದು ಅವಸರದ ಸಣ್ಣ ಸದ್ದು. ಅಪ್ಪನಿಗೆ ಇದು ಎರಡೇ ದಿನಕ್ಕೆ ಪಾಠವಾಯಿತು. "ಪೊಲೀಸ ಬಂದ, ಕೆಳಗ ಹೋಗು" ಎನ್ನುತ್ತಿದ್ದ. ಮನೆಯವಳು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು.

ಕೆಳಗೆ ಹೋಗುವುದರ ಸುಖವೇ ಬೇರೆ. ಅದನ್ನು ಸುಖವೆಂದು ಕರೆಯಲು ಸಂಕೋಚವಾಗುತ್ತದೆ, ಆದರೆ ಅದು ಸುಖವೇ. ಚಿಕ್ಕವರಿದ್ದಾಗ ಬಾವಿಯಲ್ಲಿ ಮುಳುಗು ಹಾಕಿ ಮೇಲಿನವರು ನಮ್ಮ ಹೆಸರು ಹಿಡಿದು ಕೂಗುವುದನ್ನು ಕೆಳಗಿನಿಂದ ಕೇಳುತ್ತಿದ್ದೆವಲ್ಲ, ಆ ತರಹದ್ದು. ಎಂಜಿನ್ ನಿಲ್ಲಿಸಿ, ಬ್ಯಾಟರಿಯ ಮೇಲೆ ಮನುಷ್ಯ ನಡೆದಷ್ಟು ವೇಗದಲ್ಲಿ ತೆವಳುವುದು. ತಲೆಯ ಮೇಲೆ ಡೆಸ್ಟ್ರಾಯರು ಸುತ್ತುತ್ತದೆ. ಪರದೆಯೊಳಗಿನವರು ಪಿಸುಗುಟ್ಟಿ ಮಾತಾಡುತ್ತಾರೆ. ನಾನೂ ಅಪ್ಪನೂ ಉಗಾರದಲ್ಲಿ ಕೂತು ಪಿಸುಗುಟ್ಟುತ್ತಿದ್ದೆವು!

ಒಂದು ಮಾತನ್ನು ಮುಚ್ಚಿಡಬಾರದು. ಹಡಗು ಮುಳುಗಿದಾಗ ಎಷ್ಟು ಟನ್ನು ಎಂಬುದನ್ನು ನಾನು ವಹಿಯಲ್ಲಿ ಬರೆದಿಡುತ್ತಿದ್ದೆ, ಕಬ್ಬಿನ ತೂಕದ ಚೀಟಿ ಜೋಡಿಸಿಟ್ಟ ಹಾಗೆ. ಅದರಲ್ಲಿ ಜನ ಇದ್ದಾರೆಂಬುದು ಹೊಳೆದಿರಲಿಲ್ಲ. 2012ರಲ್ಲಿ ಶಿಕ್ಷಕರು ಕೂಡಿ ವಿಶಾಖಪಟ್ಟಣಕ್ಕೆ ಪ್ರವಾಸ ಹೋಗಿದ್ದೆವು. ಅಲ್ಲಿ ಸಮುದ್ರದ ದಂಡೆಗೆ 'ಕುರ್ಸುರಾ' ಎಂಬ ನಿಜವಾದ ಜಲಾಂತರ್ಗಾಮಿಯನ್ನು ಎಳೆದು ತಂದು 2002ರಿಂದ ವಸ್ತುಸಂಗ್ರಹಾಲಯ ಮಾಡಿದ್ದಾರೆ. ರಷ್ಯಾದಲ್ಲಿ ಕಟ್ಟಿದ್ದು, 1971ರ ಯುದ್ಧದಲ್ಲಿ ಗಸ್ತು ತಿರುಗಿದ್ದು. ಉದ್ದ 91 ಮೀಟರ್ ಎಂದರೆ ದೊಡ್ಡದೆನಿಸುತ್ತದೆ, ಒಳಗೆ ಹೋದರೆ ಎದುರಿಗೆ ಬಂದವರಿಗೆ ದಾರಿ ಬಿಡಲು ಗೋಡೆಗೆ ಅಂಟಬೇಕು. ಟಾರ್ಪೆಡೊಗಳ ಪಕ್ಕದಲ್ಲಿಯೇ ಮಲಗುವ ಹಲಗೆಗಳು. ಜೊತೆಯವರೆಲ್ಲ ಹೊರಗೆ ಹೋಗಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ನನಗೆ ಮಾತ್ರ ಅಲ್ಲಿ 'ಖುಕ್ರಿ'ಯ ನೆನಪಾಯಿತು. ಅದೇ ಯುದ್ಧದಲ್ಲಿ, 1971ರ ಡಿಸೆಂಬರ್ 9ರ ರಾತ್ರಿ, ಪಾಕಿಸ್ತಾನದ 'ಹಂಗೋರ್' ಎಂಬ ಜಲಾಂತರ್ಗಾಮಿ ನಮ್ಮ ಆ ಹಡಗನ್ನು ದೀವ್ ಬಳಿ ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಇಳಿಯಲಿಲ್ಲ. ಹಂಗೋರಿನ ಕ್ಯಾಪ್ಟನ್ನೂ ನನ್ನ ಹಾಗೆ ದೂರ, ವೇಗ, ಕೋನ ಲೆಕ್ಕ ಹಾಕಿರಬೇಕು. ಅವನ ಉತ್ತರವೂ ಸರಿ ಬಂದಿತ್ತು.

ಊರಿಗೆ ಬಂದು ವಹಿಯನ್ನು ಹರಿದು ಹಾಕಿದೆ. ಆಟ ಬಿಟ್ಟೆನೆ? ಇಲ್ಲ. ಟನ್ನು ಬರೆಯುವುದನ್ನಷ್ಟೇ ಬಿಟ್ಟೆ. ಆಮೇಲಾಮೇಲೆ 1943ರ ನಂತರದ ಗಸ್ತುಗಳನ್ನೇ ಹೆಚ್ಚಾಗಿ ಆಡತೊಡಗಿದೆ. ಆಗ ಬೇಟೆಗಾರನೇ ಬೇಟೆಯಾಗಿದ್ದ. ಆ ವರ್ಷದ ಮೇ ಒಂದೇ ತಿಂಗಳಲ್ಲಿ ಜರ್ಮನಿಯ 40ಕ್ಕೂ ಹೆಚ್ಚು ಜಲಾಂತರ್ಗಾಮಿಗಳು ಹೋದವು. ಇಡೀ ಯುದ್ಧದಲ್ಲಿ ಅವುಗಳಲ್ಲಿ ದುಡಿದವರಲ್ಲಿ ಮುಕ್ಕಾಲು ಪಾಲು ಮಂದಿ ಮನೆಗೆ ಬರಲಿಲ್ಲ. ಮುಳುಗಿಸುವುದಕ್ಕಿಂತ ತಿರುಗಿ ಬರುವುದೇ ಆಟವಾಯಿತು.

2019ರ ಆಗಸ್ಟಿನಲ್ಲಿ ಹೊಳೆ ಬಂತು.

ನಮ್ಮವರಿಗೆ ಮಳೆಗಾಲವೆಂದರೆ ಕ್ಯೂಸೆಕ್ಸಿನ ಲೆಕ್ಕ. ಕೊಯ್ನಾದಿಂದ ಇಷ್ಟು ಬಿಟ್ಟರಂತೆ, ರಾಜಾಪುರ ಬ್ಯಾರೇಜಿನಲ್ಲಿ ಇಷ್ಟಿದೆಯಂತೆ, ನಾಳೆ ಎಷ್ಟಕ್ಕೆ ನಮ್ಮಲ್ಲಿಗೆ ಮುಟ್ಟೀತು ಎಂದು ಚಹಾದಂಗಡಿಯಲ್ಲಿ ಕೂತು ಎಲ್ಲರೂ ಗಣಿತಜ್ಞರೇ. 2005ರಲ್ಲಿ ನಮ್ಮ ಕಟ್ಟೆಗೆ ಬಂದು ನಿಂತಿತ್ತು. ಈ ಸಲವೂ ಅಷ್ಟೇ ಎಂದುಕೊಂಡೆವು. ಹೆಣ್ಣುಮಕ್ಕಳನ್ನು ಕಳಿಸಿದೆವು. ಗಬ್ಬದ ಎಮ್ಮೆಯನ್ನು ಬಿಟ್ಟು ಬರುವುದಿಲ್ಲವೆಂದು ಅಪ್ಪ ಕೂತ. ಅವನನ್ನು ಬಿಟ್ಟು ಹೋಗಲಾರದೆ ನಾನು ಕೂತೆ. ಸಂಜೆ ಎರಡೂ ಎಮ್ಮೆಗಳ ಹಗ್ಗ ಬಿಚ್ಚಿ ಮಾಳಿಗೆ ಏರಿದೆವು.

ಕರೆಂಟು ಇಲ್ಲ, ಫೋನು ಸತ್ತಿದೆ. ಕೆಳಗೆ ನೀರು ನಡುಮನೆಯಲ್ಲಿ ಓಡಾಡುವ ಸದ್ದು. ಕೊಡ ಗೋಡೆಗೆ ಬಡಿಯುತ್ತಿತ್ತು. ಅಪ್ಪ ಕತ್ತಲಲ್ಲಿ ಕೂತು ಒಂದೊಂದನ್ನೇ ಹೇಳುತ್ತಿದ್ದ. "ಹಿಟ್ಟಿನ ಡಬ್ಬಿ ಬಿತ್ತು." "ಕಾಟು ತೇಲಾಕತ್ತು." ನಾನು ಮೆಟ್ಟಿಲು ಎಣಿಸುತ್ತಿದ್ದೆ. ಏಳು ಗಂಟೆಗೆ ಎರಡನೆಯ ಪಾವಟಿಗೆ, ಹನ್ನೊಂದಕ್ಕೆ ಆರನೆಯದು. ತಾಸಿಗೊಂದು. ಒಟ್ಟು ಹದಿನಾಲ್ಕು. ಉಳಿದವು ಎಂಟು, ಎಂದರೆ ಬೆಳಗಿನ ಏಳರ ತನಕ ಕಾಲವಿದೆ. ಲೆಕ್ಕ ಸರಿ ಕೂತಾಗ ಆಟದಲ್ಲಿ ಎದೆಯೊಳಗೆ ಹತ್ತುವ ಆ ಸಣ್ಣ ಹುರುಪು ಆಗಲೂ ಹತ್ತಿತು. ಅಪ್ಪ ಪಕ್ಕದಲ್ಲಿದ್ದ, ಎಮ್ಮೆಗಳು ಎಲ್ಲಿದ್ದವೋ ಗೊತ್ತಿರಲಿಲ್ಲ, ಅಂಥ ಹೊತ್ತಿನಲ್ಲಿ! ಈ ಮಾತನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

"ಏನ ಗುನಗುನಾ ಮಾಡಾಕತ್ತಿ?" ಎಂದು ಅಪ್ಪ ಕೇಳಿದ.

"ಲೆಕ್ಕಾ."

"ಎಷ್ಟ ಬಂತು?"

"ಏಳ ತಾಸಿನ ತನಾ ಚಿಂತಿಲ್ಲಪ್ಪಾ." ಒಂದು ತಾಸು ಕಡಿಮೆ ಹೇಳಿದೆ, ಯಾಕೆಂದು ತಿಳಿಯದು. ಅವನು ಗೋಡೆಗೆ ಒರಗಿ ನಿದ್ದೆ ಹೋದ.

ಆಟದಲ್ಲಿ ಒಂದು ಗುಂಡಿ ಒತ್ತಿದರೆ ಕಾಲ 1024 ಪಟ್ಟು ವೇಗವಾಗಿ ಓಡುತ್ತದೆ. ಒಂದು ನಿಮಿಷದಲ್ಲಿ ಹದಿನೇಳು ತಾಸು. ಆ ರಾತ್ರಿ ಕಾಲ ತನ್ನ ನಡಿಗೆಯಲ್ಲಿಯೇ ನಡೆಯಿತು. ನೀರು ಒಂಬತ್ತನೆಯ ಪಾವಟಿಗೆಯಲ್ಲಿ ನಿಂತಿತು. ಬೆಳಿಗ್ಗೆ ದೋಣಿ ಬಂತು. ಗಬ್ಬದ ಎಮ್ಮೆ ನಾಲ್ಕು ದಿನಕ್ಕೆ ಎತ್ತರದ ಹೊಲವೊಂದರಲ್ಲಿ ಸಿಕ್ಕಿತು. ಇನ್ನೊಂದು ಸಿಗಲಿಲ್ಲ. ಕಂಪ್ಯೂಟರಿನ ಡಬ್ಬಿ ತೆರೆದರೆ ಒಳಗೆ ಬೊಗಸೆ ರಾಡಿ.

ಮುಂದೆ ಎರಡು ವರ್ಷ ನಾನು ಅದರ ಹೆಸರು ಎತ್ತಲಿಲ್ಲ. ಪುಣೆಯಲ್ಲಿರುವ ಅಳಿಯ ತನ್ನ ಹಳೆಯ ಲ್ಯಾಪ್‌ಟಾಪು ಕಳಿಸಿ, ಆಟವನ್ನೂ ಹಾಕಿಕೊಟ್ಟಿದ್ದ. ಅದರಲ್ಲಿ ಪೆನ್ಶನ್ನಿನ ಕಾಗದ ಬಿಟ್ಟು ಬೇರೇನೂ ನೋಡಲಿಲ್ಲ. ಕೇಳಿದವನು ಅಪ್ಪನೇ. "ಆ ಮುಳಗೂ ಆಟಾ ಬಿಟ್ಟೇನು?" ಎಂದ ಒಂದು ದಿನ.

"ಸಾಕಾತಪ್ಪಾ."

"ನಿನಗ ಸಾಕಾತು. ನನಗ ರಾತ್ರಿ ನಿದ್ದಿ ಬರೂದಿಲ್ಲ."

ಹಚ್ಚಿದೆ. ಅಷ್ಟು ಹೊತ್ತಿಗೆ ಅಪ್ಪನ ಕಿವಿ ಬಹಳ ಮಂದವಾಗಿತ್ತು. ಸ್ಪೀಕರಿನ ಸದ್ದು ಪೂರ್ತಿ ಏರಿಸಿದರೂ ಅವನ ಮುಖದಲ್ಲಿ ಏನೂ ಕಾಣಲಿಲ್ಲ. ಐವತ್ತು ಮೀಟರ್ ಕೆಳಗೆ ಇಳಿಸಿ ಎಂಜಿನ್ ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ದೂರದಲ್ಲಿ ಹಡಗಿನ ಸದ್ದು ಬಂದದ್ದು ನನಗೆ ಕೇಳಿಸಿತು. ಹೇಳಬೇಕೆಂದು ತಿರುಗಿದೆ. ಅಪ್ಪ ಕುರ್ಚಿಯನ್ನು ಮುಂದೆ ಎಳೆದುಕೊಂಡು, ಮೋಟರಿನ ಪೈಪಿನ ಮೇಲೆ ಇಡುತ್ತಿದ್ದ ಹಾಗೆಯೇ ಸ್ಪೀಕರಿನ ಮೇಲೆ ಅಂಗೈ ಇಟ್ಟ. ಕಣ್ಣು ಮುಚ್ಚಿದ.

"ಎರಡ ಅದಾವು" ಎಂದ. "ಹಿಂದಿಂದು ಪೊಲೀಸ."