ಪಿತ್ತದ ಪಥ

ಕನ್ನಡದ ಶಾಸ್ತ್ರಸಾಹಿತ್ಯವನ್ನು ಅಭ್ಯಸಿಸುವವರಿಗೆ ಜಗದ್ದಳ ಸೋಮನಾಥನ ‘ಕರ್ನಾಟಕ ಕಲ್ಯಾಣಕಾರಕ’ ಪರಿಚಿತ ಕೃತಿ. ಸುಮಾರು ಕ್ರಿ.ಶ. 1150ರಲ್ಲಿ ರಚಿತವಾದ ಇದು ಪೂಜ್ಯಪಾದರ ವೈದ್ಯಗ್ರಂಥದ ಕನ್ನಡ ರೂಪ. ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದ ಚಿಕಿತ್ಸಾಕ್ರಮವೆಂಬುದು ಇದರ ಪ್ರಸಿದ್ಧ ವೈಶಿಷ್ಟ್ಯ. ನನಗೆ ಇದರ ಇನ್ನೊಂದು ಹಿರಿಮೆ ಇನ್ನೂ ದೊಡ್ಡದಾಗಿ ತೋರುತ್ತದೆ: ದೇಹದ ಒಳಗಣ ವಿಚಾರವನ್ನು ರೋಗಿಯ ನುಡಿಯಲ್ಲಿಯೇ ಹೇಳಲು ಬರುತ್ತದೆ ಎಂಬುದನ್ನು ಅದು ಮಾಡಿ ತೋರಿಸಿತು.

ಈ ಹಿರಿಮೆಯ ಬೆಲೆ ನನಗೆ ಮನವರಿಕೆಯಾದದ್ದು ಆಸ್ಪತ್ರೆಯೊಂದರಲ್ಲಿ. ಬಸವನಗುಡಿಯಲ್ಲಿದ್ದ ನನ್ನ ಸೋದರಮಾವನವರಿಗೆ ಕಾಮಾಲೆಯಾಯಿತು. ಕಣ್ಣು ಹಳದಿ, ಮೈತುಂಬ ತುರಿಕೆ, ಬಿಳಿಚಿದ ಮಲ. ಅಲ್ಟ್ರಾಸೌಂಡಿನಲ್ಲಿ ಯಕೃತ್ತಿನೊಳಗಿನ ಪಿತ್ತನಾಳಗಳು ಹಿಗ್ಗಿದ್ದುದು ಕಂಡಿತು, ಎಂ.ಆರ್.ಸಿ.ಪಿ. ಚಿತ್ರದಲ್ಲಿ ನಾಳವನ್ನು ಒತ್ತಿದ್ದ ಗೆಡ್ಡೆ ಕಂಡಿತು. ಎಂಡೋಸ್ಕೋಪಿಯಿಂದ ಆ ತಡೆಯನ್ನು ದಾಟಲಾಗಲಿಲ್ಲ. ಚರ್ಮದ ಮೂಲಕ ಯಕೃತ್ತಿಗೆ ಸೂಜಿ ಹಾಯಿಸಿ ಪಿತ್ತರಸವನ್ನು ಹೊರಕ್ಕೆ ಹರಿಸಬೇಕೆಂದು ವೈದ್ಯರು ತೀರ್ಮಾನಿಸಿದರು. ಒಪ್ಪಿಗೆಪತ್ರ ಇಂಗ್ಲಿಷಿನಲ್ಲಿತ್ತು. ಎಂಬತ್ತು ದಾಟಿದ್ದ ಮಾವ, “ಇದರಲ್ಲಿ ಏನಿದೆ ಹೇಳಪ್ಪ. ತಿಳಿಯದ್ದಕ್ಕೆ ನಾನು ಸಹಿ ಹಾಕುವವನಲ್ಲ” ಎಂದರು.

ಆಗ ನೆರವಿಗೆ ಬಂದದ್ದು ಹಳೆಯ ಪರಿಭಾಷೆ. ಚರಕಸಂಹಿತೆ ಕಾಮಾಲೆಯಲ್ಲಿ ಎರಡು ಬಗೆಗಳನ್ನು ಗುರುತಿಸುತ್ತದೆ. ಪಿತ್ತ ಅತಿಯಾಗಿ ಹೆಚ್ಚಿ ಬರುವುದು ಒಂದು. ಕಫದಿಂದ ಪಿತ್ತದ ದಾರಿ ಮುಚ್ಚಿ, ಮಲವು ಅರೆದ ಎಳ್ಳಿನಂತಾಗುವುದು ಇನ್ನೊಂದು. ಶಾಸ್ತ್ರದ ಪಿತ್ತವೂ ಇಂದಿನ ವೈದ್ಯರ ಪಿತ್ತರಸವೂ ಪೂರ್ಣವಾಗಿ ಒಂದೇ ಅಲ್ಲ. ಕಾರಣದ ವಿವರಣೆಯೂ ಬೇರೆ. ಆದರೆ ಹೊರಗಣ ಲಕ್ಷಣದಿಂದ ಒಳಗಣ ತಡೆಯನ್ನು ಊಹಿಸಿದ ಆ ನೋಟ ನಿಖರವಾದದ್ದು. ಪಿತ್ತರಸ ಕರುಳನ್ನು ಸೇರದಿದ್ದರೆ ಮಲಕ್ಕೆ ಸಹಜವಾದ ಬಣ್ಣ ಬರುವುದಿಲ್ಲ.

“ಮಾವ, ಪಿತ್ತದ ದಾರಿ ಕಟ್ಟಿಕೊಂಡಿದೆ” ಎಂದು ಆರಂಭಿಸಿದೆ. ಪಕ್ಕೆಲುಬುಗಳ ನಡುವೆ ಮರಗಟ್ಟಿಸಿ ತೆಳುವಾದ ಸೂಜಿ ಹಾಯಿಸುತ್ತಾರೆ. ಅದರ ಮೂಲಕ ಬಿಟ್ಟ ದ್ರವದಿಂದ ಎಕ್ಸ್‌ರೇ ತೆರೆಯ ಮೇಲೆ ನಾಳಗಳು ಮರದ ಕೊಂಬೆಗಳಂತೆ ಮೂಡುತ್ತವೆ. ಬಳಿಕ ಒಂದು ತಂತಿ, ತಂತಿಯ ಗುಂಟ ರಂಧ್ರಗಳುಳ್ಳ ಕ್ಯಾತಿಟರು. ಜಾರದಂತೆ ಅದರ ತುದಿ ಒಳಗೆ ಸುರುಳಿಯಾಗಿ ನಿಲ್ಲುತ್ತದೆ. ಪಿತ್ತರಸ ಹೊರಗಿನ ಚೀಲಕ್ಕೆ ಇಳಿಯುತ್ತದೆ. ರಕ್ತಸ್ರಾವ, ಸೋಂಕುಗಳ ಅಪಾಯವುಂಟು. ಗೆಡ್ಡೆಯಂತೂ ಹೋಗುವುದಿಲ್ಲ.

ಕೊನೆಯ ಮಾತಿಗೆ ಅವರು ಕ್ಷಣಕಾಲ ಸುಮ್ಮನಿದ್ದರು. ಹಿಂದಿನ ರಾತ್ರಿಯಿಂದ ಉಪವಾಸವಿರಬೇಕೆಂದಾಗ, “ಸೂರ್ಯ ಮುಳುಗಿದ ಮೇಲೆ ಉಂಡವನೇ ಅಲ್ಲವಲ್ಲ ನಾನು” ಎಂದು ನಕ್ಕು ಕನ್ನಡದಲ್ಲಿ ಸಹಿ ಹಾಕಿದರು. ವಾರದೊಳಗೆ ತುರಿಕೆ ತಗ್ಗಿ ನಿದ್ದೆ ಬಂದಿತು. ಉಳಿದ ಕೆಲವು ತಿಂಗಳುಗಳನ್ನು ಅವರು ಎಲ್ಲವನ್ನೂ ತಿಳಿದೇ ಬದುಕಿದರು.

ಈ ವಿದ್ಯೆ ಪ್ರಾಯದಲ್ಲಿ ಚಿಕ್ಕದು. ರಾಂಟ್‌ಜನ್ ಎಕ್ಸ್‌ರೇಯನ್ನು ಕಂಡದ್ದು 1895ರಲ್ಲಿ. ಚರ್ಮದ ಮೂಲಕ ಸೂಜಿ ಹಾಯಿಸಿ ಪಿತ್ತನಾಳಗಳ ಚಿತ್ರ ತೆಗೆದ ವರದಿ ಹನೋಯ್‌ನಿಂದ ಬಂದದ್ದು 1937ರಲ್ಲಿ. ಜಪಾನಿನ ಚಿಬಾದ ತೆಳು ಸೂಜಿ ಅದನ್ನು ಸುರಕ್ಷಿತವಾಗಿಸಿದ್ದು 1970ರ ದಶಕದಲ್ಲಿ. ಅದಕ್ಕೆ ಬೇಕಾದ ಕನ್ನಡ ಮಾತ್ರ ಹಳೆಯದು. ಚಾಮರಾಜಪೇಟೆಯ ಪಂಪಮಹಾಕವಿ ರಸ್ತೆಯಲ್ಲಿರುವ ಸಾಹಿತ್ಯ ಪರಿಷತ್ತಿನ ನಿಘಂಟಿನ ಸಂಪುಟಗಳನ್ನು ನಾವು ಹಳೆಯ ಕಾವ್ಯಗಳ ಅರ್ಥಕ್ಕಾಗಿ ತೆರೆಯುತ್ತೇವೆ. ಒಪ್ಪಿಗೆಪತ್ರವೊಂದನ್ನು ಕನ್ನಡದಲ್ಲಿ ಬರೆಯಲೆಂದು ಅವುಗಳನ್ನು ತೆರೆಯುವುದೂ ವಿದ್ವತ್ತಿನ ಕೆಲಸವೇ. ಸೋಮನಾಥನ ಪರಂಪರೆಯನ್ನು ಓದುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಹತ್ತಿರದ ವಿಷಯ ಇನ್ನೊಂದಿರಲಾರದು.