ಮದ್ದೂರಿನ ಹೊಲ, ಗಜದ ಲೆಕ್ಕ

ಮದ್ದೂರು ಎಂದೊಡನೆ ಕನ್ನಡಿಗರ ಮನಸ್ಸು ಮಂಡ್ಯದ ಕಡೆಗೆ, ಅಲ್ಲಿಯ ವಡೆಯ ಕಡೆಗೆ ಹೊರಳುವುದು ಸಹಜ. ಇದು ಆ ಊರಲ್ಲ. ನಾರಾಯಣಪೇಟ ಜಿಲ್ಲೆಯ, ಕೋಸಗಿ ಕೊಡಂಗಲ್ಲುಗಳಿಗೆ ನೆರೆಯಾದ ಒಣಬೇಸಾಯದ ಮದ್ದೂರು. ತೊಗರಿ, ಜೋಳ, ಹತ್ತಿ. ಬೋರಿಗೆ ನೀರು ಸಿಕ್ಕಲ್ಲಿ ಒಂದಿಷ್ಟು ಭತ್ತ. ಕೊಡಂಗಲ್ 1956ರವರೆಗೆ ಗುಲಬರ್ಗಾ ಜಿಲ್ಲೆಗೂ ಗದ್ವಾಲ ರಾಯಚೂರು ಜಿಲ್ಲೆಗೂ ಸೇರಿದ್ದವು. ಗಡಿ ಸರಿದರೂ ಹೊಲದ ಮಾತು ಸರಿಯಲಿಲ್ಲ. ಎಕರೆ, ಗುಂಟೆ, ಪಹಣಿ, ಪಟ್ಟಾ, ದಲ್ಲಾಳಿ, ಬಯಾನ: ಈ ಪದಗಳು ಇಂದಿಗೂ ಎರಡೂ ಕಡೆ ನಡೆಯುತ್ತವೆ.

2023ರ ಅಕ್ಟೋಬರಿನಲ್ಲಿ ಜಕ್ಲೇರ್–ಕೃಷ್ಣಾ ರೈಲುಮಾರ್ಗ ತೆರೆಯಿತು. ಅದೇ ಡಿಸೆಂಬರಿನಲ್ಲಿ ಮದ್ದೂರನ್ನು ಒಳಗೊಂಡ ಕೊಡಂಗಲ್ ಕ್ಷೇತ್ರದ ಶಾಸಕರು ಮುಖ್ಯಮಂತ್ರಿಯಾದರು; 2024ರ ಫೆಬ್ರವರಿಯಲ್ಲಿ ನಾರಾಯಣಪೇಟ–ಕೊಡಂಗಲ್ ಏತ ನೀರಾವರಿಗೆ ಶಂಕುಸ್ಥಾಪನೆಯಾಯಿತು. ಇಂಥ ಸುದ್ದಿಗಳು ಬಂದಾಗ ನೀರಿಗಿಂತ ಮೊದಲು ದಲ್ಲಾಳಿ ಬರುತ್ತಾನೆ. ಹೈದರಾಬಾದಿಗೋ ಮುಂಬಯಿಗೋ ದುಡಿಯಲು ಹೋದ ನಮ್ಮ ಕಡೆಯ ಕುಟುಂಬಗಳೂ ಬಂಗಾರದ ಬದಲು ಒಂದು ತುಂಡು ನೆಲ ಕೊಳ್ಳೋಣವೆಂದು ಹೊರಡುತ್ತವೆ.

ಹಿಂದೆ ದನದ ಸಂತೆಯಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಹೇಳುತ್ತಿದ್ದರು. ನೆಲದ ವ್ಯವಹಾರದಲ್ಲಿ ಟವೆಲಿಲ್ಲ, ಮರೆ ಮಾತ್ರ ಇದೆ. ರೈತ ಎಕರೆಯಲ್ಲಿ ಹೇಳುತ್ತಾನೆ, ಪ್ಲಾಟು ಮಾರುವವನು ಗಜದಲ್ಲಿ ಹೇಳುತ್ತಾನೆ. ಗುಂಟೆಗೆ 121 ಚದರ ಗಜ, ಎಕರೆಗೆ 4,840. ಎಕರೆಗೆ 20 ಲಕ್ಷವೆಂದು ಇಟ್ಟುಕೊಂಡರೆ ಗಜಕ್ಕೆ ಸುಮಾರು 413 ರೂಪಾಯಿ. ರಸ್ತೆಗೂ ತೆರೆದ ಜಾಗಕ್ಕೂ ಮೂರನೆಯ ಒಂದು ಪಾಲು ಬಿಟ್ಟು, ಉಳಿದುದನ್ನು ಗಜಕ್ಕೆ ಎರಡು ಸಾವಿರದಂತೆ ಮಾರಿದರೆ ಅದೇ ಎಕರೆ 64 ಲಕ್ಷ ದಾಟುತ್ತದೆ. ಚೌಕಾಸಿಗೆ ಕೂರುವ ಮುನ್ನ ಈ ಲೆಕ್ಕವನ್ನು ಮನೆಯ ಮಕ್ಕಳಿಂದಲೇ ಮಾಡಿಸಬಹುದು. ಏಳನೆಯ ತರಗತಿಯ ಗಣಿತ ಸಾಕು.

ಆದರೆ ಬೆಲೆಯೇ ಮೊದಲ ಪ್ರಶ್ನೆಯಲ್ಲ. ಮಾರುವವರು ಯಾರು ಎಂಬುದು ಮೊದಲನೆಯದು. ಕಟ್ಟೆಯ ಮೇಲೆ ಅಣ್ಣತಮ್ಮಂದಿರು ಕೂತು ಒಪ್ಪಿದರೆ ಮಾತು ಮುಗಿಯಿತೆಂದು ಈ ಸೀಮೆಯಲ್ಲಿ ಭಾವಿಸುವುದುಂಟು. ರಾಯಚೂರಿಗೋ ಸೇಡಮ್ಮಿಗೋ ಕೊಟ್ಟ ಅಕ್ಕನ ಹೆಸರು ಆ ಮಾತಿನಲ್ಲಿ ಬರುವುದೇ ಇಲ್ಲ. ಬಂದರೂ ಒಂದು ಸೀರೆ, ಅರಿಶಿನ ಕುಂಕುಮದ ಲೆಕ್ಕಕ್ಕೆ ನಿಲ್ಲುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ ಬಂದರೆ, ಅಂದಿನ ಆಂಧ್ರಪ್ರದೇಶದಲ್ಲಿ 1985ರ ಸೆಪ್ಟೆಂಬರ್ 5ರಿಂದಲೇ ಅನ್ವಯವಾಗಿತ್ತು, ಅಂದಿಗೆ ಮದುವೆಯಾಗದವರಿಗೆ ಮಾತ್ರ. 2005ರ ಕೇಂದ್ರ ತಿದ್ದುಪಡಿಯೂ 2020ರ ಸುಪ್ರೀಂ ಕೋರ್ಟಿನ ತೀರ್ಪೂ ಆ ಭೇದವನ್ನು ತೊಡೆದವು. ಆದುದರಿಂದ ಅಕ್ಕನ ಸಹಿಯಿಲ್ಲದ ಹೊಲದಲ್ಲಿ ಎಷ್ಟು ಕಡಮೆಗೆ ಇಳಿಸಿದರೂ ಅಗ್ಗವಾಗುವುದಿಲ್ಲ. ಅವಳನ್ನು ಕೂರಿಸಿಕೊಂಡು ಮಾತಾಡುವುದು ನ್ಯಾಯ, ಕೊಳ್ಳುವವರಿಗೆ ಕ್ಷೇಮವೂ ಹೌದು.

ಎರಡನೆಯದು ಕಾಗದ. ನಿಜಾಮರ ಕಾಲದ ದಾಖಲೆ ಉರ್ದುವಿನಲ್ಲಿ, ಇಂದಿನ ಪಾಸ್‌ಬುಕ್ ತೆಲುಗಿನಲ್ಲಿ, ನಮ್ಮ ಮಕ್ಕಳ ಪಾಠ ಕನ್ನಡದಲ್ಲಿ. ಓದಲಾಗದ ಕಾಗದಕ್ಕೆ ದಲ್ಲಾಳಿಯೇ ದುಭಾಷಿಯಾದರೆ ಚೌಕಾಸಿ ಅಲ್ಲಿಗೇ ಸೋತಂತೆ. ಶಾಲೆಯಲ್ಲಿ ತೆಲುಗನ್ನೂ ಒಂದು ಭಾಷೆಯಾಗಿ ಕಲಿಯುವ ಮಗಳು ಸರ್ವೆ ನಂಬರು, ವಿಸ್ತೀರ್ಣ, ಪಟ್ಟಾದಾರರ ಹೆಸರು ಓದಿ ಹೇಳಿದರೆ ಅದಕ್ಕಿಂತ ದೊಡ್ಡ ಸಹಾಯ ಬೇರಿಲ್ಲ. 1954–55ರ ಖಾಸ್ರಾ ಪಹಣಿಯಿಂದ ಇಂದಿನವರೆಗೆ ಹಕ್ಕು ಹೇಗೆ ಇಳಿದುಬಂದಿತೆಂದು ನೋಡಬೇಕು. ಧರಣಿ ಹೋಗಿ 2025ರ ಏಪ್ರಿಲಿನಲ್ಲಿ ಭೂಭಾರತಿ ಬಂದಿದೆ. ತೆರೆಯ ಮೇಲಿನ ಹೆಸರು ಬದಲಾದರೂ ಈ ಪರಿಶೀಲನೆ ತಪ್ಪದು. ಭೂಹೀನರಿಗೆ ಸರ್ಕಾರ ಕೊಟ್ಟ ಅಸೈನ್ಡ್ ಭೂಮಿಯ ಮಾರಾಟವನ್ನು 1977ರ ಕಾಯ್ದೆ ನಿಷೇಧಿಸಿದೆ. ನೆರೆಹೊಲಕ್ಕಿಂತ ಅರ್ಧ ಬೆಲೆ ಎಂದವರ ಬಳಿ ಮೊದಲು ಇದನ್ನೇ ಕೇಳಬೇಕು.

ಇವೆರಡೂ ಸರಿಯಿದ್ದ ಮೇಲೆ ಬೆಲೆಯ ಮಾತು. ಹೊಲವನ್ನು ಹಳಿದು ದರ ಇಳಿಸುವ ಚಾಳಿ ಪಟ್ಟಣದವರದು. ಅದು ಇಲ್ಲಿ ನಡೆಯದು. ತಂದೆ ಉತ್ತ ನೆಲವನ್ನು ಕಲ್ಲುಭೂಮಿ ಎಂದರೆ ಮಾರುವವನು ಎದ್ದುಹೋಗುತ್ತಾನೆ. ಅವನಿಗೆ ಹಣ ಯಾವಾಗ ಬೇಕು ಎಂದು ಕೇಳುವುದು ಮೇಲು. ಬೋರಿನ ಸಾಲವೋ ಮಗಳ ಮದುವೆಯೋ ಇದ್ದರೆ, ಕೊಂಚ ಕಡಮೆ ದರವಾದರೂ ನಿಗದಿಯ ದಿನಕ್ಕೆ ಪೂರ್ತಿ ಹಣ ಕೊಡುವವರನ್ನು ಅವನು ಒಪ್ಪಿಯಾನು. ಸಂಕಟ ತಿಳಿದ ಮೇಲೆ ಅದನ್ನೇ ಹಿಡಿದು ಹಿಂಡುವುದು ಬೇರೆ ಮಾತು. ನಾಳೆ ಅದೇ ಬದುವಿನ ಮೇಲೆ ಅವನ ನೆಂಟರ ಮುಖ ನೋಡಿ ನಡೆಯಬೇಕಾದವರು ನಾವು.

ತೊಗರಿ ನಿಂತ ಹೊಲವಾದರೆ ಬಯಾನ ಪತ್ರದಲ್ಲಿ ಇನ್ನೊಂದು ಸಾಲು ಬರೆಸುವುದುಂಟು: ಫಸಲು ಮಾರುವವರದು, ರಾಶಿಯಾದ ಮೇಲೆ ಸ್ವಾಧೀನ. ಕೊನೆಯ ಕೆಲವು ಸಾವಿರಕ್ಕೆ ಕಗ್ಗಂಟಾದ ಮಾತು ಈ ಸಾಲಿನಿಂದಲೇ ಸಡಿಲಾಗುತ್ತದೆ.