ಜಕ್ಕೂರಿನ ಬಾನಿನಲ್ಲಿ ಇಳಿಯುವ ದಾರಿ

ಬೆಂಗಳೂರಿನಿಂದ ಬಳ್ಳಾರಿ ರಸ್ತೆಯನ್ನು ಹಿಡಿದು ಉತ್ತರಕ್ಕೆ ಹೊರಟರೆ, ಹೆಬ್ಬಾಳದ ಕೆರೆಯನ್ನು ದಾಟಿದ ಸ್ವಲ್ಪ ದೂರದಲ್ಲಿಯೇ ಬಲಗಡೆಗೆ ಜಕ್ಕೂರಿನ ವಿಮಾನರಂಗವು ದೊರೆಯುತ್ತದೆ. ದೇವನಹಳ್ಳಿಯ ದೊಡ್ಡ ನಿಲ್ದಾಣಕ್ಕೆ ಧಾವಿಸುವ ಪ್ರಯಾಣಿಕರು ಇದನ್ನು ಕಣ್ಣೆತ್ತಿ ನೋಡುವುದು ಅಪರೂಪ. ಆದರೂ ನಮ್ಮ ನಾಡಿನ ಎಷ್ಟೋ ಮನೆಗಳ ಮಕ್ಕಳು ವಿಮಾನವಿದ್ಯೆಯ ಓನಾಮವನ್ನು ಕಲಿತುದು ಇಲ್ಲಿಯ ಸರ್ಕಾರಿ ಶಾಲೆಯಲ್ಲಿ. ಇಬ್ಬರು ನಾಲ್ವರು ಕೂರಬಹುದಾದ ಪುಟ್ಟ ವಿಮಾನಗಳು ಏರಿ ಇಳಿಯುವುದನ್ನು ನೋಡುತ್ತ ನಿಂತರೆ ಹೊತ್ತು ಹೋದುದೇ ತಿಳಿಯದು.

ಏರುವುದು ಸುಲಭ, ಇಳಿಯುವುದೇ ಕಷ್ಟವೆಂದು ಬಲ್ಲವರು ಹೇಳುವರು. ಇಂದಿನ ಸಣ್ಣ ವಿಮಾನಗಳಲ್ಲಿಯೂ ಜಿ.ಪಿ.ಎಸ್. ಎಂಬ ಮಾರ್ಗದರ್ಶಕ ಯಂತ್ರವುಂಟು. ಅದು ಹೋಗಬೇಕಾದ ದಾರಿಯನ್ನು ಗಾಜಿನ ಫಲಕದ ಮೇಲೆ ಬಣ್ಣದ ಗೆರೆಯಾಗಿ ತೋರಿಸುತ್ತದೆ. ಕೆಲವು ಯಂತ್ರಗಳು ಇಳಿಯುವ ಜಾಡನ್ನೂ ತೋರಿಸುತ್ತವೆ. ಇಷ್ಟಾದ ಮೇಲೆ ಭಯವೇನೆಂದು ತಂದೆತಾಯಿಗಳು ಸಮಾಧಾನಪಡುವುದು ಸಹಜ. ಆದರೆ ಈ ಯಂತ್ರವು ಎಡಬಲಗಳನ್ನು ಅರಿತಷ್ಟು ಚೆನ್ನಾಗಿ ಮೇಲುಕೆಳಗುಗಳನ್ನು ಅರಿಯದೆಂಬುದನ್ನು ವಾಚಕರು ತಿಳಿದಿರುವುದು ಒಳ್ಳೆಯದು.

ಕಾರಣವು ಸರಳವಾದುದು. ಎಡಬಲಗಳನ್ನು ಅಳೆಯುವಾಗ ಉಪಗ್ರಹಗಳು ಸುತ್ತಲ ದಿಕ್ಕುಗಳಲ್ಲೆಲ್ಲ ಇರುತ್ತವೆ. ಒಂದು ಕಡೆಯ ತಪ್ಪನ್ನು ಇನ್ನೊಂದು ಕಡೆಯದು ತಿದ್ದುತ್ತದೆ. ಎತ್ತರವನ್ನು ಅಳೆಯುವಾಗಲಾದರೋ ಎಲ್ಲವೂ ತಲೆಯ ಮೇಲಿನವೇ. ಕೆಳಗಿನಿಂದ ಸರಿನೋಡಬಹುದಾದ ಉಪಗ್ರಹಗಳನ್ನು ಭೂಮಿಯೇ ಮರೆಮಾಡಿದೆ.

ಇನ್ನೊಂದು ವಿಚಿತ್ರವಿದೆ. ಉಪಗ್ರಹಗಳ ಲೆಕ್ಕದಲ್ಲಿ ಎತ್ತರವು ಗಣಿತಜ್ಞರು ಕಲ್ಪಿಸಿದ ನುಣುಪಾದ ಭೂಗೋಳದಿಂದ ಮೊದಲಾಗುತ್ತದೆ. ನಮ್ಮ ಲೆಕ್ಕದಲ್ಲಿ ಸಮುದ್ರಮಟ್ಟದಿಂದ. ಇವೆರಡರ ಅಂತರವು ಲೋಕದಲ್ಲೆಲ್ಲ ಹೆಚ್ಚಾಗಿರುವುದು ಲಂಕೆಯ ದಕ್ಷಿಣದ ಕಡಲಿನಲ್ಲಿ. ಅಲ್ಲಿ ನೀರಿನ ಮಟ್ಟವು ಆ ಕಲ್ಪಿತ ಮಟ್ಟಕ್ಕಿಂತ ಸುಮಾರು 106 ಮೀಟರು ತಗ್ಗಿದೆ. ಇದರ ಕಾರಣವನ್ನು ಕುರಿತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು 2023ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಆ ತಗ್ಗಿನ ಅಂಚು ನಮ್ಮವರೆಗೂ ಹಬ್ಬಿ, ಬೆಂಗಳೂರಿನಲ್ಲಿಯೂ ಅಂತರವು 80 ಮೀಟರಿಗೆ ಮಿಕ್ಕಿದೆ. ಯಂತ್ರದೊಳಗಿನ ಕೋಷ್ಟಕವು ಇದನ್ನು ತಿದ್ದದಿದ್ದರೆ ಲೆಕ್ಕವೆಲ್ಲ ತಲೆಕೆಳಗು.

ಹಾಗೆಂದು ಗಾಳಿಯ ಒತ್ತಡದಿಂದ ಎತ್ತರವನ್ನು ತಿಳಿಸುವ ಹಳೆಯ ಮಾಪಕವೂ ನಿರ್ದೋಷಿಯಲ್ಲ. ಆ ಹೊತ್ತಿನ ಒತ್ತಡವನ್ನು ಅದರಲ್ಲಿ ತಿರುಗಿಸಿ ಇಡುವಾಗ ಹತ್ತು ಅಂಕದಷ್ಟು ತಪ್ಪಿದರೆ ಸುಮಾರು 300 ಅಡಿಗಳ ವ್ಯತ್ಯಾಸವಾಗುತ್ತದೆ. ಜಕ್ಕೂರು ತಾನೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿರುವುದರಿಂದ, ಮಾಪಕವು 3,300 ಎಂದು ತೋರುವಾಗ ಚಕ್ರದ ಕೆಳಗೆ ಉಳಿದಿರುವುದು ಆ 300 ಅಡಿಗಳೇ!

ಉಪಗ್ರಹಗಳ ಈ ಕೊರತೆಯನ್ನು ನೀಗಲು ಇಸ್ರೋ ಮತ್ತು ವಿಮಾನ ನಿಲ್ದಾಣಗಳ ಪ್ರಾಧಿಕಾರಗಳು ಸೇರಿ ‘ಗಗನ್’ ಎಂಬ ವ್ಯವಸ್ಥೆಯನ್ನು ಕಟ್ಟಿವೆ. ಅದರ ಮುಖ್ಯ ಕೇಂದ್ರವಿರುವುದು ಬೆಂಗಳೂರಿನ ಕುಂದಲಹಳ್ಳಿಯಲ್ಲಿ. ದೇಶದ ಹಲವೆಡೆ ಇರುವ ನೆಲದ ಠಾಣೆಗಳು ಸಂಕೇತಗಳ ತಪ್ಪನ್ನು ಅಳೆಯುತ್ತವೆ. ತಿದ್ದುಪಡಿಯು ಬೇರೆ ಉಪಗ್ರಹಗಳ ಮೂಲಕ ವಿಮಾನಕ್ಕೆ ಬರುತ್ತದೆ. ನಮ್ಮ ದೇಶದಲ್ಲಿ ಮೇಲಿನ ವಾಯುಮಂಡಲದ ವಿದ್ಯುತ್ಪದರವು ಸೂರ್ಯಾಸ್ತದ ಮೇಲೆ ಬಹಳ ಕಲಕುವುದರಿಂದ ಈ ಕೆಲಸವು ಸುಲಭದ್ದಾಗಿರಲಿಲ್ಲ. 2015ರಲ್ಲಿ ಎತ್ತರದ ಮಾರ್ಗದರ್ಶನಕ್ಕೂ ಇದಕ್ಕೆ ಒಪ್ಪಿಗೆ ದೊರೆಯಿತು; 2022ರ ಏಪ್ರಿಲ್ 28ರಂದು ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋ ಸಂಸ್ಥೆಯ ವಿಮಾನವೊಂದು ಇದರ ನೆರವಿನಿಂದ ಇಳಿಯಿತು. ಅಂತಹ ದಾರಿಯನ್ನು ಪ್ರಕಟಿಸುವ ಮೊದಲು ತಜ್ಞರು ಕೆಳಗಿನ ಗುಡ್ಡ, ಗೋಪುರಗಳನ್ನೆಲ್ಲ ಅಳೆದು ನೋಡಿರುತ್ತಾರೆ.

ಜಕ್ಕೂರಾದರೋ ಕಣ್ಣಿನಿಂದ ನೋಡಿಯೇ ಇಳಿಯತಕ್ಕ ಸ್ಥಳ. ಇಂತಹ ಕಡೆಗಳಿಗೂ ಕೆಲವು ಯಂತ್ರಗಳು ತಾವಾಗಿಯೇ ಇಳಿಜಾರಿನ ಗೆರೆಯನ್ನು ಎಳೆದುಕೊಡುತ್ತವೆ. ರನ್‌ವೇಯ ತುದಿಯನ್ನು ತಮ್ಮ ಕೋಷ್ಟಕದಲ್ಲಿ ಹುಡುಕಿ, ಸಾಮಾನ್ಯವಾಗಿ ಮೂರು ಡಿಗ್ರಿಯ ಕೋನದಲ್ಲಿ, ಎಂದರೆ ಒಂದು ನಾವಿಕ ಮೈಲಿಗೆ ಸುಮಾರು 320 ಅಡಿ ಇಳಿಯುವಂತೆ, ಲೆಕ್ಕ ಹಾಕುವುದಷ್ಟೇ ಅವುಗಳ ಕೆಲಸ. ಆ ಗೆರೆಯ ಅಡಿಯಲ್ಲಿ ನೀರಿನ ತೊಟ್ಟಿಯಿದೆಯೋ, ವಿದ್ಯುತ್ತಿನ ತಂತಿಯಿದೆಯೋ ಎಂಬ ವಿಚಾರವು ಅದರೊಳಗಿಲ್ಲ. ಇಲ್ಲಿಯ ರನ್‌ವೇಯ ಪಶ್ಚಿಮದ ಕಡೆಗೆ ಹೆದ್ದಾರಿಯ ಮೇಲ್ಸೇತುವೆಯು ಎದ್ದ ಮೇಲೆ ವಿಮಾನಗಳ ಹಾರಾಟಕ್ಕೆ ತೊಡಕುಂಟಾಗಿ ಬಹುಕಾಲ ಚರ್ಚೆ ನಡೆದುದು ಎಲ್ಲರಿಗೂ ತಿಳಿದುದೇ. ಊರು ಬೆಳೆದಂತೆ ನೆಲದ ರೂಪವು ಬದಲಾಗುತ್ತದೆ. ಕೋಷ್ಟಕವನ್ನು ಹೊಸದು ಮಾಡದಿದ್ದರೆ ಯಂತ್ರವು ಹಳೆಯ ಊರನ್ನೇ ನಂಬಿರುತ್ತದೆ. ಸಮೀಪದ ಜಕ್ಕೂರು ಕೆರೆಯಿಂದ ಏಳುವ ಹಕ್ಕಿಗಳ ಸುದ್ದಿಯಂತೂ ಅದಕ್ಕೆ ಎಂದಿಗೂ ತಿಳಿಯದು.

ಆದುದರಿಂದ ಯಂತ್ರದ ಗೆರೆಯು ಸಲಹೆಯೇ ಹೊರತು ಅಭಯವಲ್ಲ. ಇಂತಲ್ಲಿಂದ ಇಳಿಯಲಾರಂಭಿಸೆಂದು ಅದು ಹೇಳಬಲ್ಲುದು. ಇಲ್ಲಿಗಿಂತ ಕೆಳಗೆ ಇಳಿಯಬಾರದೆಂಬ ಮಿತಿಯನ್ನು ಕಾಯಬೇಕಾದವರು ವಿಮಾನ ನಡೆಸುವವರು. ಒಳ್ಳೆಯ ಗುರುಗಳು ಮೊದಲು ಕಿಟಕಿಯ ಹೊರಗೆ ನೋಡುವುದನ್ನು ಕಲಿಸಿ, ಫಲಕವನ್ನು ನೋಡುವುದನ್ನು ಆಮೇಲೆ ಕಲಿಸುತ್ತಾರೆ. ಮಕ್ಕಳನ್ನು ಈ ವಿದ್ಯೆಗೆ ಕಳುಹಿಸುವ ಗೃಹಸ್ಥರು ಶಾಲೆಯನ್ನು ಆರಿಸುವಾಗ, ಅಲ್ಲಿಯ ಯಂತ್ರಗಳು ಎಷ್ಟು ಹೊಸವೆಂದು ವಿಚಾರಿಸುವುದರೊಡನೆ ಈ ಪಾಠಕ್ರಮವನ್ನೂ ವಿಚಾರಿಸತಕ್ಕದ್ದು.